ಪಾಠ ಮಾಡೋಕೆ ನಿಂತ್ರೆ ಕೈ ನಡುಗುತ್ತಾ? ಹಾವಿನ ಭಯ ಬಿಡಿಸಿದವರು ಏನು ಹೇಳಿದ್ರು ಕೇಳಿ

ನಮಸ್ಕಾರ. ಹೋದ ವಾರ ನಮ್ಮ ಕೊಡಗಿನ ಸೋಮವಾರಪೇಟೆ ಕಡೆಯಿಂದ ಒಂದು ಮೆಸೇಜ್ ಬಂತು. ಬಿ.ಎಡ್. ಓದ್ತಿರೋ ತಂಗಿ. ಅವರು ಬರೆದದ್ದು ಹೀಗೆ: "ಅಣ್ಣಾ, ಡಿಗ್ರಿಯಲ್ಲಿ ಗಣಿತಕ್ಕೆ ನಾನೇ ಫಸ್ಟ್. ಆದ್ರೆ ಆರನೇ ಕ್ಲಾಸಿನ ಮಕ್ಕಳ ಎದುರು ಭಿನ್ನರಾಶಿ ಹೇಳೋಕೆ ನಿಂತ್ರೆ ಚಾಕ್‌ಪೀಸ್ ಕೈಯಲ್ಲಿ ನಿಲ್ಲಲ್ಲ. ಈ ಕೆಲಸ ನನಗಲ್ವೇನೋ."

ಈ ಮೆಸೇಜ್ ನನ್ನನ್ನ ನಾಲ್ಕು ದಿನ ಬಿಡಲಿಲ್ಲ. ವಿಷಯ ಚೆನ್ನಾಗಿ ಗೊತ್ತಿರೋರಿಗೇ ಧೈರ್ಯ ಯಾಕೆ ಕೈಕೊಡುತ್ತೆ?

ಮೊದಲು ಹಿನ್ನೆಲೆ, ಬೇಗ ಹೇಳಿ ಮುಗಿಸ್ತೀನಿ. 2015ರಿಂದ ಬಿ.ಎಡ್. ಎರಡು ವರ್ಷ. ಅದರಲ್ಲಿ ಸುಮಾರು 20 ವಾರ ಶಾಲೆಯಲ್ಲೇ ಇರಬೇಕು. ಇಷ್ಟು ಸಾಕು.

ಈಗ ಹಾವಿನ ವಿಷಯಕ್ಕೆ ಬರೋಣ.

[ಪರದೆಯಲ್ಲಿ: ಕಾಫಿ ತೋಟ, ತರಗೆಲೆ]

ಆಲ್ಬರ್ಟ್ ಬಂಡೂರಾ ಅಂತ ಒಬ್ಬ ಮನಶ್ಶಾಸ್ತ್ರಜ್ಞ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡ್ತಿದ್ರು. ಹಾವು ಅಂದ್ರೆ ವಿಪರೀತ ಹೆದರೋ ಜನರನ್ನ ಸೇರಿಸಿ ಪ್ರಯೋಗ ಮಾಡಿದ್ರು. ತೋಟದಲ್ಲಿ ಕಾಳಿಂಗ ಕಂಡಾಗ ನಾವು ಹೆದರ್ತೀವಲ್ಲ, ಆ ಥರದ ಭಯ ಅಲ್ಲ. ಹಾವಿನ ಯೋಚನೆಯಿಂದ್ಲೇ ದಿನನಿತ್ಯದ ಬದುಕು ಕಟ್ಟಿಹಾಕಿದಂತಾಗಿದ್ದ ಜನ. ಅವರನ್ನ ಕೂರಿಸಿ "ಹೆದರಬೇಡಿ, ನಿಮ್ಮಿಂದ ಆಗುತ್ತೆ" ಅಂತ ಭಾಷಣ ಮಾಡಲಿಲ್ಲ. ಇನ್ನೊಬ್ಬರು ಹಾವನ್ನ ಹಿಡಿಯೋದನ್ನ ಮೊದಲು ದೂರದಿಂದ ನೋಡಿದ್ರು. ಆಮೇಲೆ ಒಂದೊಂದೇ ಹೆಜ್ಜೆ ಹತ್ತಿರ. ಆಮೇಲೆ ಕೈಗವಸು ಹಾಕ್ಕೊಂಡು ಮುಟ್ಟಿದ್ರು. ಆಮೇಲೆ ಬರಿಗೈ. ಕೊನೆಗೆ ಹಾವು ಮಡಿಲಲ್ಲಿ! ಪ್ರತಿ ಹೆಜ್ಜೆಗೂ ಪಕ್ಕದಲ್ಲಿ ಒಬ್ಬರು ಇರ್ತಿದ್ರು, ಭಯ ಇಳಿದ ಹಾಗೆ ಹಿಂದೆ ಸರೀತಿದ್ರು.

ನನಗೆ ರೋಮಾಂಚನ ಆಗಿದ್ದು ಮುಂದಿನ ಮಾತಿಗೆ. ಹಾವನ್ನ ಹಿಡಿದ ಮೇಲೆ ಆ ಜನ ಬದುಕಿನ ಬೇರೆ ಕಡೆಗಳಲ್ಲೂ ಧೈರ್ಯ ಬಂತು ಅಂದ್ರಂತೆ. 1977ರಲ್ಲಿ ಬಂಡೂರಾ ಇದಕ್ಕೊಂದು ಸಿದ್ಧಾಂತ ಕೊಟ್ರು: 'ಇದು ನನ್ನ ಕೈಲಾಗುತ್ತೆ' ಅನ್ನೋ ನಂಬಿಕೆ ಎಲ್ಲಿಂದ ಬರುತ್ತೆ? ನಾಲ್ಕು ಮೂಲ. ಎಲ್ಲಕ್ಕಿಂತ ಗಟ್ಟಿಯಾದದ್ದು, ಸ್ವತಃ ಮಾಡಿ ಗೆದ್ದ ಅನುಭವ.

ಇನ್ನೊಂದು ಕೇಳಿ. ನಮ್ಮ ಪ್ರಶಿಕ್ಷಣಾರ್ಥಿಗಳು ಇವತ್ತಿಗೂ ಮಾಡೋ ಮೈಕ್ರೋ ಟೀಚಿಂಗ್ ಹುಟ್ಟಿದ್ದೂ ಅದೇ ಸ್ಟ್ಯಾನ್‌ಫರ್ಡ್‌ನಲ್ಲಿ, 1963ರಲ್ಲಿ. ನಮ್ಮ ದೇಶದಲ್ಲಿ ರೂಢಿಯಾದ ಲೆಕ್ಕ: ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮತ್ತೆ ಯೋಜನೆ, ಆರು ನಿಮಿಷ ಮರುಪಾಠ, ಇನ್ನಾರು ನಿಮಿಷ ಹಿಮ್ಮಾಹಿತಿ. ಒಟ್ಟು 36. ಒಂದೇ ಕೌಶಲ, ಚಿಕ್ಕ ಪಾಠ, ತಪ್ಪಿದ್ರೆ ತಕ್ಷಣ ಇನ್ನೊಂದು ಅವಕಾಶ. ಎಷ್ಟು ಒಳ್ಳೆ ಏರ್ಪಾಡು ನೋಡಿ!

ಆದ್ರೆ ಅಲ್ಲಿ ವಿದ್ಯಾರ್ಥಿಗಳಾಗಿ ಕೂರೋರು ಯಾರು? ಜೊತೆಯಲ್ಲೇ ಊಟ ಮಾಡೋ ಗೆಳತಿಯರು. ಉತ್ತರ ಮೊದಲೇ ಗೊತ್ತಿರೋರು. ಅದು ಹಾವನ್ನ ಗಾಜಿನ ಆಚೆಯಿಂದ ನೋಡಿದ ಹಾಗೆ. ಅಲ್ಲಿಂದ ನೇರ ಎಲ್ಲಿಗೆ ಹೋಗ್ತಾರೆ? ನಲವತ್ತು ನಿಮಿಷದ ಪೂರ್ತಿ ಪಿರಿಯಡ್‌ಗೆ. ಅದೂ ಕೊಡಗಿನ ತರಗತಿ! ಒಂದು ಮಗುವಿನ ಮನೆಮಾತು ಕೊಡವ ತಕ್ಕ್, ಪಕ್ಕದ್ದರದ್ದು ಅರೆಭಾಷೆ, ಹಿಂದಿನ ಬೆಂಚಲ್ಲಿ ಮಲಯಾಳ, ಎರವ ಭಾಷೆ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬಂದ ಅಸ್ಸಾಮಿನ ಮಗುವಿಗೆ ಕನ್ನಡವೇ ಹೊಸದು. "ಛೇದ" (ಭಿನ್ನರಾಶಿಯ ಕೆಳಗಿನ ಸಂಖ್ಯೆ) ಅಂದ್ರೆ ಯಾರಿಗೂ ಏನೂ ಗೊತ್ತಾಗಲ್ಲ. ಮಕ್ಕಳು ಸುಮ್ಮನೆ ನೋಡ್ತಾರೆ. ಆ ಮೌನವನ್ನ ಹೊಸಬರು 'ನಾನು ಸೋತೆ' ಅಂತ ಓದ್ಕೋತಾರೆ. ಗಾಜಿನಿಂದ ನೇರ ಮಡಿಲಿಗೆ! ನಡುವಿನ ಕೈಗವಸು ಎಲ್ಲಿ? ಇದು ಆ ತಂಗಿಯ ದೌರ್ಬಲ್ಯ ಅಲ್ಲ, ಮೆಟ್ಟಿಲು ಬಿಟ್ಟುಹೋಗಿರೋದು. ಇದನ್ನ ನಾನು ಗಟ್ಟಿಯಾಗೇ ಹೇಳ್ತೀನಿ.

ಸಮಯ ಕಮ್ಮಿ ಇದೆ, ಬಂಡೂರಾ ಹೇಳಿದ ಉಳಿದ ಮೂರು ಮೂಲ ಒಟ್ಟಿಗೆ ಹೇಳ್ತೀನಿ. ನಮ್ಮಂಥವರೇ ಮಾಡೋದನ್ನ ನೋಡೋದು: ಮೂವತ್ತು ವರ್ಷ ಅನುಭವದ ಮೇಷ್ಟ್ರಿಗಿಂತ ಹೋದ ವರ್ಷ ತಡವರಿಸಿ ಈಗ ಸರಿಯಾದ ಸೀನಿಯರ್ ಪಾಠ ಹೆಚ್ಚು ಧೈರ್ಯ ಕೊಡಬಹುದು. ಎರಡನೇದು ಮಾತು: "ಚೆನ್ನಾಗಿತ್ತು" ಅನ್ನೋದಕ್ಕಿಂತ "ಎರಡನೇ ಪ್ರಶ್ನೆ ಕೇಳಿ ನೀನು ಕಾದೆಯಲ್ಲ, ಆಗ ಮೂರು ಕೈ ಎದ್ದವು" ಅಂದ್ರೆ ನಿಲ್ಲುತ್ತೆ. ಕೊನೇದು ಮೈ: ಕೈ ನಡುಕವನ್ನ ಸೋಲಿನ ಗುರುತು ಅಂತ ಓದ್ತೀರಾ, ಪಾಠದ ಮೇಲಿನ ಕಾಳಜಿ ಅಂತ ಓದ್ತೀರಾ ಅನ್ನೋದು.

'ಈ ಕೆಲಸ ನನಗಲ್ವೇನೋ' ಅನ್ನೋ ಮಾತಿಗೂ ಬರಬೇಕು. ಜನ ಯಾಕೆ ಶಿಕ್ಷಕರಾಗ್ತಾರೆ ಅಂತ ಅಳೆಯೋಕೆ ಆಸ್ಟ್ರೇಲಿಯಾದಲ್ಲಿ ವಾಟ್ ಮತ್ತು ರಿಚರ್ಡ್‌ಸನ್ 2007ರಲ್ಲಿ ಒಂದು ಮಾಪಕ ಪ್ರಕಟಿಸಿದ್ರು. ಕುಟುಂಬಕ್ಕೆ ಸಿಗೋ ಸಮಯ, ಕೆಲಸದ ಭದ್ರತೆ, ಸಮಾಜ ಸೇವೆ ಎಲ್ಲ ಅದರಲ್ಲಿದೆ. ಅಲ್ಲಿ ತುಂಬ ಮೇಲೆ ಬಂದ ಕಾರಣಗಳಲ್ಲಿ ಒಂದು 'ನನಗೆ ಕಲಿಸೋಕೆ ಬರುತ್ತೆ' ಅನ್ನೋ ನಂಬಿಕೆ. ಅಂದ್ರೆ ಧೈರ್ಯ ಕುಸಿದ್ರೆ ಆಸೆಯೂ ಕುಸಿಯಬಹುದು. ಆ ತಂಗಿ ಆಸೆ ಹೋಯ್ತು ಅಂದುಕೊಂಡಿದ್ದಾರೆ; ಹೋಗಿರೋದು ಧೈರ್ಯ ಅಂತ ನನ್ನ ಅನಿಸಿಕೆ. ಇನ್ನೊಂದು ಎಚ್ಚರಿಕೆ: 2005ರ ಒಂದು ಅಧ್ಯಯನದಲ್ಲಿ ತರಬೇತಿಯಲ್ಲಿ ಏರಿದ ಈ ನಂಬಿಕೆ ಕೆಲಸದ ಮೊದಲ ವರ್ಷದಲ್ಲಿ ಇಳಿದಿತ್ತು, ಮತ್ತೆ ಅದು ಸಿಕ್ಕ ಬೆಂಬಲಕ್ಕೆ ತಳಕು ಹಾಕ್ಕೊಂಡಿತ್ತು. ಇಬ್ಬರೇ ಶಿಕ್ಷಕರಿರೋ ಶಾಲೆಗೆ ಹೋಗೋರನ್ನ ನೆನೆದು ನನಗೆ ಆತಂಕ ಆಗುತ್ತೆ.

ತಂಗಿ, ನಿಮ್ಮ ಮಾರ್ಗದರ್ಶಿ ಶಿಕ್ಷಕರನ್ನ ಒಂದು ಕೇಳಿ ನೋಡಿ. ಪೂರ್ತಿ ಪಿರಿಯಡ್ ಬೇಡ. ಆರು ಮಕ್ಕಳು, ಹತ್ತು ನಿಮಿಷ, ಆ ಶಿಕ್ಷಕರು ಹಿಂದೆ ಕೂತಿರಲಿ. ಎರಡು ಕಿತ್ತಳೆ ತಗೊಂಡು ಹೋಗಿ. ಮಕ್ಕಳು ಸುಲಿದು ತೊಳೆ ಎಣಿಸಲಿ, ಪಾಲು ಮಾಡಲಿ, ಅವರವರ ಮನೆಮಾತಲ್ಲೇ 'ಅರ್ಧ'ಕ್ಕೆ ಏನಂತಾರೆ ಹೇಳಲಿ. ಬೋರ್ಡಿನ ಮೇಲೆ ಗೆರೆ ಎಳೆಯೋದು ಅದಾದ ಮೇಲೆ. ಹೇಗಾಯ್ತು ಅಂತ ಬರೀರಿ, ನಾನು ಕಾಯ್ತಿರ್ತೀನಿ.