‘ಎಕ್ಸ್‌ಟೆಂಡ್ ಆಗಿದೆ’ ಸರಿ, ಮಾಡಿದ್ಯಾರು?

ನಮಸ್ಕಾರ. ಇವತ್ತು ನನ್ನ ಸಿಟ್ಟೆಲ್ಲ ಒಂದು ಇಂಗ್ಲಿಷ್ ಕ್ರಿಯಾಪದದ ಮೇಲೆ. ಎಕ್ಸ್‌ಟೆಂಡ್.

ಪಾಪ, ಇಂಗ್ಲಿಷಲ್ಲಿ ಅದಕ್ಕೆ ಕೆಟ್ಟ ಹೆಸರೇನೂ ಇಲ್ಲ. ವೀಸಾನೂ ಎಕ್ಸ್‌ಟೆಂಡ್ ಮಾಡ್ತಾರೆ, ಮೆಟ್ರೋ ಲೈನೂ ಮಾಡ್ತಾರೆ. ಪ್ರೊಲಾಂಗ್ ಅಂದ್ರೆ ಹೆಚ್ಚಾಗಿ ಕಾಲದ ವಿಷಯ. ಪ್ರೊಟ್ರ್ಯಾಕ್ಟೆಡ್ ಅಂದ್ರೆ ಬೇಸರ ಬರೋಷ್ಟು ಎಳೆದದ್ದು: ಕೋರ್ಟ್ ಕೇಸು, ಯುದ್ಧ, ಮುಷ್ಕರ. ನಾವು ಬೆಂಗಳೂರಿನೋರು ಇದ್ದದ್ದರಲ್ಲಿ ಮರ್ಯಾದಸ್ಥ ಪದವನ್ನೇ ಆರಿಸ್ಕೊಂಡ್ವಿ.

ಅದಕ್ಕೊಂದು ಬಾಲಾನೂ ಕಟ್ಟಿದ್ವಿ. ‘ಡೇಟ್ ಎಕ್ಸ್‌ಟೆಂಡ್ ಆಗಿದೆ ಸಾರ್.’ ಆಗಿದೆಯಂತೆ! ಮಳೆ ಬಂದ ಹಾಗೆ, ತಾನಾಗೇ.

ಈಜಿಪುರ ಫ್ಲೈಓವರ್ ನೋಡಿ. ಹೆಚ್ಚುಕಮ್ಮಿ ಎರಡೂವರೆ ಕಿಲೋಮೀಟರ್. ಕೆಲಸ ಶುರುವಾಗಿದ್ದು 2017ರಲ್ಲಿ. 2022ರಲ್ಲಿ ಗುತ್ತಿಗೆ ರದ್ದಾಯ್ತು, ಮತ್ತೆ ಟೆಂಡರ್, ಮತ್ತೆ ಹೊಸ ಗಡುವು. ಕೋರಮಂಗಲದ ಸೋನಿ ವರ್ಲ್ಡ್ ಸಿಗ್ನಲಲ್ಲಿ ನಿಂತ್ಕೊಂಡು, ತಲೆ ಮೇಲೆ ಏನೂ ಇಲ್ಲದ ಕಂಬಗಳನ್ನ ವರ್ಷಗಟ್ಟಲೆ ನೋಡಿದ್ದೀವಿ. ಅಧಿಕಾರಿಗಳ ಬಾಯಲ್ಲಿ ‘ಎಕ್ಸ್‌ಟೆಂಡ್ ಆಗಿದೆ’. ಆಟೋ ಅಣ್ಣಂದಿರು ಮಾತ್ರ ‘ಎಳೀತಾವ್ರೆ ಸಾರ್’ ಅಂತಾರೆ. ನನಗೆ ಅವರ ಕನ್ನಡಾನೇ ಇಷ್ಟ. ಎಳೆಯೋರು ಯಾರೋ ಇದ್ದಾರೆ ಅಂತಾದ್ರೂ ಅದರಲ್ಲಿ ಗೊತ್ತಾಗುತ್ತೆ.

ಪಾಲಿಕೆ ಕಥೆ ಇನ್ನೂ ಚೆನ್ನಾಗಿದೆ. ಸಂವಿಧಾನದ 243-ಯು ವಿಧಿ ಪ್ರಕಾರ ಅವಧಿ ಐದೇ ವರ್ಷ, ಅದಕ್ಕಿಂತ ಒಂದು ದಿನ ಜಾಸ್ತಿ ಇಲ್ಲ. ಅವಧಿ ಮುಗಿಯೋದ್ರೊಳಗೆ ಚುನಾವಣೆ ಮುಗಿದಿರಬೇಕು. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಲ್ಲಿ ಮುಗೀತು. ಕಾರ್ಪೊರೇಟರುಗಳು ಮನೆಗೆ ಹೋದ್ರು, ಆಡಳಿತಾಧಿಕಾರಿ ಬಂದ್ರು. ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ಚುನಾವಣೆ ‘ಮುಂದಕ್ಕೆ ಹೋಯ್ತು’. ಅದೂ ತಾನಾಗೇ ಹೋಯ್ತು, ಯಾರೂ ತಳ್ಳಲಿಲ್ಲ ನೋಡಿ. 2025ರಲ್ಲಿ ಇದ್ದ ಒಂದು ಪಾಲಿಕೆ ಐದಾದಾಗಲೂ ಒಂದು ವೋಟು ಬಿದ್ದಿರಲಿಲ್ಲ.

ಫ್ಲ್ಯಾಟ್ ಬುಕ್ ಮಾಡಿರೋರು ಸ್ವಲ್ಪ ಕೇಳಿಸ್ಕೊಳ್ಳಿ. ‘ಪೊಸೆಷನ್ ಡೇಟ್ ಎಕ್ಸ್‌ಟೆಂಡ್ ಆಗಿದೆ’ ಅಂತ ಬಿಲ್ಡರ್ ಮೇಲ್ ಕಳಿಸಿದ್ರೆ ಅಷ್ಟಕ್ಕೇ ಸುಮ್ಮನಾಗಬೇಡಿ. 2016ರ ರೇರಾ, ಅಂದ್ರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಲ್ಲಿ ತಾನಾಗೇ ಆಗೋದು ಅಂತ ಏನೂ ಇಲ್ಲ. ಪ್ರಾಜೆಕ್ಟಿನ ನೋಂದಣಿ ಅವಧಿ ಬೆಳೆಸಬೇಕಂದ್ರೆ ಬಿಲ್ಡರೇ ರೇರಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಕಾರಣ ಕೊಡಬೇಕು. ಇನ್ನು ಅಗ್ರಿಮೆಂಟಲ್ಲಿರೋ ತಾರೀಖು ದಾಟಿದ ಮೇಲೂ ನೀವು ಪ್ರಾಜೆಕ್ಟಲ್ಲೇ ಉಳಿದ್ರೆ, ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು, 18ನೇ ಸೆಕ್ಷನ್. ಮೇಲಿಗೆ ಉತ್ತರ ಬರೆಯುವಾಗ ಆ ನಂಬರ್ ಮೊದಲನೇ ಸಾಲಲ್ಲೇ ಇರಲಿ.