ಕ್ಲ್ಯಾಶ್ ತಂಡದ ಕೆಟ್ಟ ಹಾಡು ಯಾವುದು?

ಶ್ರೋತೃಗಳಿಗೆ ನಮಸ್ಕಾರ.

ಪಾಶ್ಚಾತ್ಯ ಸಂಗೀತದ ಕುರಿತು ಮಾತನಾಡಲು ಕರೆ ಬಂದಾಗಲೆಲ್ಲ ಬೀಟಲ್ಸ್ ಬಗ್ಗೆ ನಾಲ್ಕು ಮಾತು ಹೇಳಿ ಎಂಬ ಕೋರಿಕೆಯೂ ಜೊತೆಗೇ ಬರುತ್ತದೆ. ಈ ಸಲ ಆ ಕೋರಿಕೆಯನ್ನು ಗೌರವಪೂರ್ವಕವಾಗಿ ಬದಿಗಿಟ್ಟು, 1976ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ದ ಕ್ಲ್ಯಾಶ್’ ಎಂಬ ಪಂಕ್ ರಾಕ್ ತಂಡವನ್ನು ಆರಿಸಿಕೊಂಡಿದ್ದೇನೆ. ಗಿಟಾರ್ ಹಿಡಿದು ಈಗಷ್ಟೇ ಮೂರು ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನು, ಕಲಿತಿರುವ ಕಾಲೇಜು ವಿದ್ಯಾರ್ಥಿಗಳು ಇದನ್ನು ಕೇಳುತ್ತಿದ್ದಾರೆ ಎಂದು ಭಾವಿಸುತ್ತೇನೆ. ಪಕ್ಕದ ಕೋಣೆಯಲ್ಲಿ ಆ ಗದ್ದಲವನ್ನು ಸಹಿಸಿಕೊಂಡಿರುವ ತಂದೆತಾಯಿಯರೂ ಕೇಳುತ್ತಿದ್ದರೆ ಇನ್ನೂ ಸಂತೋಷ. ಪಂಕ್ ರಾಕ್ ಎಂದರೇನು ಎಂದು ಅವರು ಕೇಳಿದರೆ ಇಷ್ಟು ಹೇಳಿದರೆ ಸಾಕು: ಕಡಿಮೆ ಕಾರ್ಡ್‌ಗಳು, ಹೆಚ್ಚು ವೇಗ, ಎರಡು ಮೂರು ನಿಮಿಷಗಳಲ್ಲಿ ಮುಗಿಯುವ ಹಾಡು, ಮತ್ತು ಹಾಡುವವರಿಗೆ ಇಂಪಾದ ಕಂಠ ಇರಲೇಬೇಕೆಂಬ ಕಟ್ಟುಪಾಡಿಲ್ಲ.

ಈ ತಂಡ ಬಾಳಿದ್ದು ಸುಮಾರು ಹತ್ತು ವರ್ಷ, ಹೊರತಂದದ್ದು ಆರು ಆಲ್ಬಮ್. ಆದರೆ ಅದರ ಅತ್ಯುತ್ತಮ ಹಾಡು ಯಾವುದು, ಅತ್ಯಂತ ಕೆಟ್ಟ ಹಾಡು ಯಾವುದು ಎಂಬ ಅಭಿಮಾನಿಗಳ ಜಗಳ ನಾಲ್ಕು ದಶಕ ದಾಟಿದರೂ ತಣ್ಣಗಾಗಿಲ್ಲ. 1977ರ ಮೊದಲ ಆಲ್ಬಮ್ಮಿನ ನಂತರ ಬಂದದ್ದೆಲ್ಲ ಕಲಬೆರಕೆ ಎನ್ನುವವರು ಇದ್ದಾರೆ. ಅದಕ್ಕೂ ಹಿಂದೆ ಹೋಗಿ, ಆ ವರ್ಷದ ಜನವರಿಯಲ್ಲಿ ತಂಡವು ಸಿಬಿಎಸ್ ಎಂಬ ದೊಡ್ಡ ಧ್ವನಿಮುದ್ರಣ ಕಂಪನಿಯೊಡನೆ ಒಂದು ಲಕ್ಷ ಪೌಂಡಿನ ಒಪ್ಪಂದಕ್ಕೆ ಸಹಿ ಹಾಕಿದ ದಿನವೇ ಪಂಕ್ ಸತ್ತುಹೋಯಿತು ಎಂದು ಬರೆದ ಪತ್ರಿಕಾಸಂಪಾದಕರೂ ಇದ್ದರು. ಎಂಥ ಹಾಡನ್ನು ಕೆಟ್ಟ ಹಾಡು ಎನ್ನಬೇಕೆಂಬುದನ್ನು ಇವರಲ್ಲಿ ಹೆಚ್ಚಿನವರು ಯೋಚಿಸಿದಂತೆ ಕಾಣುವುದಿಲ್ಲ. ನಾನು ಹೇಳಬೇಕಾದದ್ದು ಒಂದೇ ಮಾತು, ಮತ್ತು ಅದನ್ನು ಈ ಹೊತ್ತಿನಲ್ಲಿ ಹಲವು ಸಲ ಹೇಳಲಿದ್ದೇನೆ. ಹೊಸದೇನನ್ನೋ ಮಾಡಲು ಹೋಗಿ ಎಡವಿದ ಹಾಡು ಕೆಟ್ಟ ಹಾಡಲ್ಲ. ತಂಡವೊಂದು ತನ್ನನ್ನೇ ತಾನು ನಕಲು ಮಾಡಿಕೊಂಡಾಗ ಹುಟ್ಟುವುದು ಕೆಟ್ಟ ಹಾಡು.

ಇದಕ್ಕೆ ಸಾಕ್ಷಿಯಾಗಿ ನನಗೆ ತುಂಬ ಪ್ರಿಯವಾದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಪಶ್ಚಿಮ ಲಂಡನ್ನಿನ ನಾಟಿಂಗ್ ಹಿಲ್ ಪ್ರದೇಶದಲ್ಲಿ ಪ್ರತಿ ವರ್ಷ ಆಗಸ್ಟ್ ಕೊನೆಯಲ್ಲಿ ಕೆರಿಬಿಯನ್ ಮೂಲದ ಜನರು ಒಂದು ದೊಡ್ಡ ಬೀದಿ ಉತ್ಸವವನ್ನು ನಡೆಸುತ್ತಾರೆ. 1976ರ ಉತ್ಸವದಲ್ಲಿ ಪೊಲೀಸರಿಗೂ ಕಪ್ಪು ಯುವಕರಿಗೂ ಘರ್ಷಣೆ ಹತ್ತಿ, ಇಟ್ಟಿಗೆ ಬಾಟಲಿಗಳ ಮಳೆಯೇ ಸುರಿಯಿತು. ಆ ಗಲಭೆಯ ನಡುವೆ ಸಿಕ್ಕಿಬಿದ್ದವರಲ್ಲಿ ಕ್ಲ್ಯಾಶ್ ತಂಡದ ಗಾಯಕ ಜೋ ಸ್ಟ್ರಮ್ಮರ್ ಮತ್ತು ಬೇಸ್ ಗಿಟಾರ್ ನುಡಿಸುತ್ತಿದ್ದ ಪಾಲ್ ಸಿಮನನ್ ಇದ್ದರು. ಸ್ಟ್ರಮ್ಮರ್ ಅವರ ನಿಜವಾದ ಹೆಸರು ಜಾನ್ ಗ್ರಹಾಂ ಮೆಲ್ಲರ್. ಅವರು ಹುಟ್ಟಿದ್ದು ಟರ್ಕಿಯ ಅಂಕಾರಾದಲ್ಲಿ, ತಂದೆ ಬ್ರಿಟಿಷ್ ವಿದೇಶಾಂಗ ಸೇವೆಯಲ್ಲಿದ್ದವರು, ಮತ್ತು ಆ ತಂದೆ ಹುಟ್ಟಿದ್ದು ನಮ್ಮ ಲಖನೌದಲ್ಲಿ. ಕಪ್ಪು ಯುವಕರು ತಮ್ಮ ಮೇಲಾದ ಅನ್ಯಾಯಕ್ಕೆ ಎದುರು ನಿಂತರು, ಬಿಳಿ ಯುವಕರು ತಮ್ಮ ಪಾಲಿನ ಅನ್ಯಾಯದ ವಿರುದ್ಧ ಯಾಕೆ ಏಳುತ್ತಿಲ್ಲ ಎಂಬ ಪ್ರಶ್ನೆ ಅಂದು ಸ್ಟ್ರಮ್ಮರ್ ಅವರಲ್ಲಿ ಹುಟ್ಟಿತು. ಆ ಪ್ರಶ್ನೆಯೇ 1977ರ ಮಾರ್ಚಿನಲ್ಲಿ ‘ವೈಟ್ ರಯಟ್’ (ಬಿಳಿಯರ ದಂಗೆ) ಎಂಬ ಹಾಡಾಗಿ, ತಂಡದ ಮೊದಲ ಸಿಂಗಲ್ ಆಗಿ, ಅಂದರೆ ಬಿಡಿಯಾಗಿ ಮಾರುವ ಹಾಡಾಗಿ ಹೊರಬಂದಿತು. ಎರಡು ನಿಮಿಷಕ್ಕೂ ಕಡಿಮೆ ಅವಧಿಯ ಹಾಡು. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ಏರಿದ್ದು 38ನೆಯ ಸ್ಥಾನಕ್ಕೆ ಮಾತ್ರ. ಕೆಲವರು ಹೆಸರನ್ನಷ್ಟೇ ಕೇಳಿ ಅದನ್ನು ಬಿಳಿಯರ ಹಮ್ಮಿನ ಹಾಡೆಂದು ತಪ್ಪಾಗಿ ತಿಳಿದರು. ಹಾಡನ್ನು ಪೂರ್ತಿ ಕೇಳಿಸಿಕೊಳ್ಳದೆ ತೀರ್ಪು ಕೊಡುವ ಈ ಚಟಕ್ಕೆ ಔಷಧವಿಲ್ಲ.

ಮುಂದಿನ ಮೂರು ವರ್ಷ ಸಂಗೀತ ಕಛೇರಿಯಿಂದ ಕಛೇರಿಗೆ ಅಭಿಮಾನಿಗಳು ಇದೇ ಹಾಡಿಗಾಗಿ ಕೂಗಿದರು. ತಂಡದ ಇನ್ನೊಬ್ಬ ಗೀತಕಾರ, ಗಿಟಾರ್ ವಾದಕ ಮಿಕ್ ಜೋನ್ಸ್ ಅವರಿಗೆ ಇದು ಬೇಸರ ತರಿಸಿತು. ಅವರ ಕಿವಿ ಆಗಲೇ ಜಮೈಕಾದ ರೆಗೆ ಸಂಗೀತದ ಕಡೆಗೆ, ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ಕಡೆಗೆ ತಿರುಗಿತ್ತು. ಇಪ್ಪತ್ತೊಂದರ ಹರೆಯದಲ್ಲಿ ನುಡಿಸಿದ್ದನ್ನೇ ಬದುಕಿಡೀ ನುಡಿಸುತ್ತ ಕೂರುವುದು ಅವರಿಗೆ ಬೇಕಿರಲಿಲ್ಲ. 1980ರ ಆರಂಭದಲ್ಲಿ ಶೆಫೀಲ್ಡ್ ನಗರದ ಕಾರ್ಯಕ್ರಮವೊಂದರಲ್ಲಿ, ಕೊನೆಯ ಹಾಡುಗಳಿಗಾಗಿ ಮತ್ತೆ ವೇದಿಕೆಗೆ ಹೋಗುವ ಮೊದಲು, ‘ವೈಟ್ ರಯಟ್’ ನುಡಿಸುವುದಿಲ್ಲವೆಂದು ಜೋನ್ಸ್ ಹಟ ಹಿಡಿದರು. ನುಡಿಸಲೇಬೇಕೆಂದು ಸ್ಟ್ರಮ್ಮರ್ ಹಟ ಹಿಡಿದರು. ಮಾತಿಗೆ ಮಾತು ಬೆಳೆಯಿತು, ಸ್ಟ್ರಮ್ಮರ್ ತಮ್ಮ ಗೆಳೆಯನ ಮುಖಕ್ಕೇ ಗುದ್ದಿದರು. ಗಾಯಕ್ಕೆ ಪಟ್ಟಿ ಕಟ್ಟಿಕೊಂಡು ಜೋನ್ಸ್ ವೇದಿಕೆಗೆ ಬಂದರು.

ಈಗ ಯೋಚಿಸಿ. ತಮ್ಮ ಮೊತ್ತಮೊದಲ ಹಾಡನ್ನು ಮತ್ತೊಮ್ಮೆ ನುಡಿಸಬೇಕೇ ಬೇಡವೇ ಎಂಬುದಕ್ಕಾಗಿ ಅದನ್ನು ಕಟ್ಟಿದವರೇ ಹೊಡೆದಾಡಿಕೊಳ್ಳುತ್ತಾರೆ ಎಂದರೆ, ಆ ತಂಡದ ಒಳಗೇ ಉತ್ತಮ ಯಾವುದು, ಕೆಟ್ಟದ್ದು ಯಾವುದು ಎಂಬ ವಾದ ನಡೆಯುತ್ತಿತ್ತು ಎಂದಾಯಿತು. ಆ ವಾದದಲ್ಲಿ ನಾನು ಜೋನ್ಸ್ ಪಕ್ಷ. ಹಾಡಿನಲ್ಲಿ ಅವರಿಗೆ ಯಾವ ದೋಷವೂ ಕಂಡಿರಲಿಲ್ಲ. ಕೇಳುವವರ ಅಭ್ಯಾಸಕ್ಕಾಗಿ ಅದನ್ನು ಮತ್ತೆ ಮತ್ತೆ ನಟಿಸುವುದು ಅವರಿಗೆ ಒಗ್ಗಲಿಲ್ಲ.

ಈ ಕಥೆಗೆ ಒಂದು ಉತ್ತರಾರ್ಧವಿದೆ. 1983ರಲ್ಲಿ ಜೋನ್ಸ್ ಅವರನ್ನು ತಂಡದಿಂದ ಹೊರಹಾಕಲಾಯಿತು. ಮುಂದೆ ಅವರೂ ಸ್ಟ್ರಮ್ಮರ್ ಅವರೂ ರಾಜಿಯಾದರು, ಆದರೆ ಬಹುಕಾಲ ಒಂದೇ ವೇದಿಕೆಯ ಮೇಲೆ ನಿಂತು ನುಡಿಸಲಿಲ್ಲ. 2002ರ ನವೆಂಬರ್ 15ರಂದು ಲಂಡನ್ನಿನ ಆಕ್ಟನ್ ಪುರಭವನದಲ್ಲಿ ಸ್ಟ್ರಮ್ಮರ್ ತಮ್ಮ ಹೊಸ ತಂಡದೊಡನೆ, ಅಗ್ನಿಶಾಮಕ ಕಾರ್ಮಿಕರ ಹೋರಾಟಕ್ಕೆ ನೆರವಾಗಲು ಹಾಡುತ್ತಿದ್ದರು. ಸಭಿಕರ ನಡುವೆ ಜೋನ್ಸ್ ಇದ್ದರು. ಯಾರ ಕರೆಗೂ ಕಾಯದೆ ಅವರು ವೇದಿಕೆ ಹತ್ತಿ, ಗಿಟಾರ್ ಹಿಡಿದು, ಹಳೆಯ ಗೆಳೆಯನ ಪಕ್ಕದಲ್ಲಿ ನಿಂತರು. ಅಂದು ಅವರು ಜೊತೆಯಾಗಿ ನುಡಿಸಿದ ಮೂರು ಹಾಡುಗಳಲ್ಲಿ ‘ವೈಟ್ ರಯಟ್’ ಕೂಡ ಒಂದು. ಐದು ವಾರಗಳ ನಂತರ, ಡಿಸೆಂಬರ್ 22ರಂದು, ಹುಟ್ಟಿನಿಂದಲೇ ಇದ್ದು ಯಾರಿಗೂ ತಿಳಿಯದಿದ್ದ ಹೃದಯದ ದೋಷದಿಂದ ಸ್ಟ್ರಮ್ಮರ್ ತೀರಿಕೊಂಡರು. ಅವರಿಗೆ ಐವತ್ತು ವರ್ಷ. ಆಕ್ಟನ್ನಿನಲ್ಲಿ ಆ ಹಾಡು ನಕಲಾಗಿರಲಿಲ್ಲವೇ ಎಂದು ನೀವು ಕೇಳಬಹುದು. ಆಗಿರಲಿಲ್ಲ. ನುಡಿಸಬೇಕೆಂದು ಯಾರೂ ಒತ್ತಾಯಿಸಿರಲಿಲ್ಲ, ಜೋನ್ಸ್ ಅವರಿಗೇ ಬೇಕಾಗಿತ್ತು.

ನನಗೆ ಕೊಟ್ಟ ಸಮಯದಲ್ಲಿ ದೊಡ್ಡ ಪಾಲನ್ನು ಈ ಒಂದು ಹಾಡೇ ನುಂಗಿತು. ಇನ್ನು ಬೇಗ ಬೇಗ ಹೋಗೋಣ.

ಮೊದಲ ಆಲ್ಬಮ್ ಒಂದೇ ಅಪ್ಪಟ ಪಂಕ್ ಎಂದು ಪಟ್ಟು ಹಿಡಿಯುವವರಿಗೆ ಒಂದು ಪ್ರಶ್ನೆ. ಆ ಆಲ್ಬಮ್ಮಿನಲ್ಲಿ ‘ಪೊಲೀಸ್ ಆ್ಯಂಡ್ ಥೀವ್ಸ್’ ಎಂಬ ಆರು ನಿಮಿಷದ ರೆಗೆ ಹಾಡು ಇದೆ. ಜಮೈಕಾದ ಜೂನಿಯರ್ ಮರ್ವಿನ್ ಹಾಡಿದ್ದನ್ನು ಇವರು ತಮ್ಮ ರೀತಿಯಲ್ಲಿ ಹಾಡಿದ್ದಾರೆ. ಅದನ್ನು ನೀವು ಯಾವ ಖಾತೆಗೆ ಸೇರಿಸುತ್ತೀರಿ? ಮೂಲ ಹಾಡಿನ ನಿರ್ಮಾಪಕ ಲೀ ಪೆರಿ ಅದೇ ವರ್ಷ ಈ ತಂಡದ ‘ಕಂಪ್ಲೀಟ್ ಕಂಟ್ರೋಲ್’ ಹಾಡಿನ ನಿರ್ಮಾಣಕ್ಕೂ ಬಂದರು. ತಂಡದ ಒಪ್ಪಿಗೆ ಕೇಳದೆ ಕಂಪನಿಯು ‘ರಿಮೋಟ್ ಕಂಟ್ರೋಲ್’ ಎಂಬ ಹಾಡನ್ನು ಸಿಂಗಲ್ ಆಗಿ ಹೊರತಂದಿತ್ತು. ಆ ಸಿಟ್ಟಿನಿಂದ ಹುಟ್ಟಿದ್ದು ‘ಕಂಪ್ಲೀಟ್ ಕಂಟ್ರೋಲ್’. ಕಂಪನಿಯನ್ನು ಬೈಯುವ ಹಾಡನ್ನು ಆ ಕಂಪನಿಯೇ ಅಚ್ಚುಹಾಕಿ ಮಾರಿತು. ಅತ್ಯುತ್ತಮ ಹಾಡುಗಳ ಯಾವ ಪಟ್ಟಿಯಲ್ಲೂ ಇದು ತಪ್ಪುವುದಿಲ್ಲ.

ನನ್ನ ಪಟ್ಟಿಯ ಮೊದಲ ಹೆಸರು ಮಾತ್ರ ಬೇರೆ: 1978ರ ‘ವೈಟ್ ಮ್ಯಾನ್ ಇನ್ ಹ್ಯಾಮರ್‌ಸ್ಮಿತ್ ಪ್ಯಾಲೆ’. ಹ್ಯಾಮರ್‌ಸ್ಮಿತ್‌ನ ನೃತ್ಯಸಭಾಂಗಣದಲ್ಲಿ ರಾತ್ರಿಯಿಡೀ ನಡೆದ ರೆಗೆ ಕಾರ್ಯಕ್ರಮಕ್ಕೆ ಸ್ಟ್ರಮ್ಮರ್ ಹೋಗಿದ್ದರು. ಬಂಡಾಯದ ಸಂಗೀತವನ್ನು ನಿರೀಕ್ಷಿಸಿ ಹೋದವರಿಗೆ ಅಲ್ಲಿ ಕಂಡದ್ದು ಅಚ್ಚುಕಟ್ಟಾದ ಮನರಂಜನೆ. ಆ ನಿರಾಸೆಯನ್ನು ಅವರು ಹಾಡಾಗಿಸಿದರು, ಮತ್ತು ಅದೇ ಉಸಿರಿನಲ್ಲಿ, ಬಂಡಾಯವನ್ನು ಹಣ ಮಾಡಿಕೊಳ್ಳುತ್ತಿದ್ದ ತಮ್ಮದೇ ಪಂಕ್ ಬಳಗವನ್ನೂ ಬಿಡದೆ ಚುಚ್ಚಿದರು. ಹಾಡಿನ ನಡೆ ನಿಧಾನ. ಪಂಕ್ ತಂಡದಿಂದ ವೇಗವನ್ನೇ ಬಯಸುತ್ತಿದ್ದ ಅಂದಿನ ಅಭಿಮಾನಿಗಳ ಎದುರು ಇಂಥ ಹಾಡನ್ನು ಇಡುವುದಕ್ಕೆ ಎಂಟೆದೆ ಬೇಕಿತ್ತು. ನಕಲು ಮಾಡಲು ಒಪ್ಪದ ತಂಡವೊಂದು ಹೇಗೆ ಯೋಚಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1979ರ ಡಿಸೆಂಬರಿನ ‘ಲಂಡನ್ ಕಾಲಿಂಗ್’ ಎರಡು ಗ್ರಾಮಫೋನ್ ತಟ್ಟೆಗಳ ಆಲ್ಬಮ್. ಒಂದು ತಟ್ಟೆಯ ಬೆಲೆಗೇ ಸಿಗಬೇಕೆಂದು ತಂಡ ಹಟ ಹಿಡಿದು ಗೆದ್ದಿತು. ಅದರ ಬಗ್ಗೆ ಹೊಗಳಿಕೆ ಸಾಕಷ್ಟಿದೆ, ನಾನು ಸೇರಿಸುವುದೇನಿಲ್ಲ. ಆದರೆ ಕೊನೆಯಲ್ಲಿರುವ ‘ಟ್ರೇನ್ ಇನ್ ವೇನ್’ ಹಾಡನ್ನು, ಅದು ಪ್ರೇಮಗೀತೆ ಎಂಬ ಒಂದೇ ಕಾರಣಕ್ಕೆ, ಕೆಟ್ಟ ಹಾಡುಗಳ ಪಟ್ಟಿಗೆ ತಳ್ಳುವವರಿದ್ದಾರೆ. ಕೊನೆಯ ಗಳಿಗೆಯಲ್ಲಿ ಸೇರಿಸಿದ್ದರಿಂದ ಮೊದಲ ಮುದ್ರಣದ ಹೊದಿಕೆಯ ಮೇಲೆ ಅದರ ಹೆಸರೂ ಇರಲಿಲ್ಲ. ಅಮೆರಿಕದಲ್ಲಿ ಈ ತಂಡಕ್ಕೆ ಮೊದಲ ಬಾಗಿಲು ತೆರೆದದ್ದು ಇದೇ ಹಾಡು. ಅಲ್ಲಿನ ಪಟ್ಟಿಯಲ್ಲಿ ಅದು 23ನೆಯ ಸ್ಥಾನ ತಲುಪಿತು. ಪಂಕ್ ಗಾಯಕರು ಪ್ರೀತಿಸಬಾರದೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನನಗೆ ತಿಳಿಯದು.

ಜಗಳ ನಿಜವಾಗಿ ಕಾವೇರುವುದು 1980ರ ‘ಸ್ಯಾಂಡಿನಿಸ್ಟಾ’ದ ಬಳಿ. ಮೂರು ತಟ್ಟೆಗಳು, ಆರು ಮಗ್ಗುಲು, ಮಗ್ಗುಲಿಗೆ ಆರರಂತೆ 36 ಹಾಡುಗಳು. ಇದನ್ನೂ ಕಡಿಮೆ ಬೆಲೆಗೆ ಮಾರಲು ತಂಡವು ಬ್ರಿಟನ್ನಿನಲ್ಲಿ ಮೊದಲ ಎರಡು ಲಕ್ಷ ಪ್ರತಿಗಳ ಗೌರವಧನವನ್ನೇ ಬಿಟ್ಟುಕೊಟ್ಟಿತು. ಇದರಲ್ಲಿ ತಮ್ಮ ಹಳೆಯ ಹಾಡೊಂದನ್ನು ಕೀಬೋರ್ಡ್ ವಾದಕರ ಪುಟ್ಟ ಮಕ್ಕಳಿಂದ ಹಾಡಿಸಿದ್ದಾರೆ. ಇನ್ನೊಂದು ಹಾಡಿನ ಟೇಪನ್ನು ತಿರುವುಮುರುವಾಗಿ ಓಡಿಸಿ ಅದಕ್ಕೆ ‘ಮೆನ್ಸ್‌ಫೋರ್ತ್ ಹಿಲ್’ ಎಂಬ ಹೆಸರಿಟ್ಟಿದ್ದಾರೆ. ಕೆಟ್ಟ ಹಾಡು ಎಂದ ಕೂಡಲೇ ಎಲ್ಲರೂ ಬೆರಳು ತೋರಿಸುವುದು ಇವುಗಳ ಕಡೆಗೆ. ನನಗೆ ಇಲ್ಲಿ ತಾಳ್ಮೆ ತಪ್ಪುತ್ತದೆ. ಮದುವೆಮನೆಯ ಎಲೆಯ ಮೇಲೆ ಬಡಿಸಿದ್ದೆಲ್ಲ ಎಲ್ಲರಿಗೂ ರುಚಿಸುವುದಿಲ್ಲ. ಉಪ್ಪಿನಕಾಯಿ ಹಿಡಿಸಲಿಲ್ಲವೆಂದು ಯಾರೂ ಅಡುಗೆಯವರನ್ನು ಬೈಯುವುದಿಲ್ಲ. ಇದೇ ಆಲ್ಬಮ್ಮಿನ ‘ದ ಮ್ಯಾಗ್ನಿಫಿಸೆಂಟ್ ಸೆವೆನ್’ ಹಾಡಿನಲ್ಲಿ, ನ್ಯೂಯಾರ್ಕಿನ ಬೀದಿಗಳಲ್ಲಿ ಆಗಷ್ಟೇ ಕೇಳಿಬರುತ್ತಿದ್ದ ರ‍್ಯಾಪ್ ಶೈಲಿಯನ್ನು ಲಂಡನ್ನಿನ ಪಂಕ್ ತಂಡವೊಂದು ಕೈಗೆತ್ತಿಕೊಂಡಿತು. ಟೇಪನ್ನು ಹಿಂದುಮುಂದಾಗಿ ಓಡಿಸುವ ಹುಡುಗಾಟ ಇಲ್ಲದಿದ್ದರೆ ಆ ಧೈರ್ಯವೂ ಬರುತ್ತಿರಲಿಲ್ಲ.

1982ರ ‘ಕಾಂಬ್ಯಾಟ್ ರಾಕ್’ ಬಗ್ಗೆ ಎರಡೇ ಮಾತು. ‘ರಾಕ್ ದ ಕಸ್ಬಾ’ ಹಾಡಿನ ಡ್ರಮ್ಸ್, ಪಿಯಾನೊ, ಬೇಸ್ ಮೂರನ್ನೂ ನುಡಿಸಿದವರು ಡ್ರಮ್ಸ್ ವಾದಕ ಟಾಪರ್ ಹೆಡನ್. ಹಾಡು ಅಮೆರಿಕದಲ್ಲಿ ಎಂಟನೆಯ ಸ್ಥಾನಕ್ಕೇರುವ ಹೊತ್ತಿಗೆ ಮಾದಕವಸ್ತುವಿನ ಚಟದಿಂದಾಗಿ ಅವರು ತಂಡದಿಂದ ಹೊರಬಿದ್ದಿದ್ದರು. ‘ಸ್ಟ್ರೇಟ್ ಟು ಹೆಲ್’ ಹಾಡಿನ ಸ್ವರಗಳನ್ನು ನಿಮ್ಮಲ್ಲಿ ಹಲವರು ಅರಿಯದೆಯೇ ಕೇಳಿದ್ದೀರಿ, ಏಕೆಂದರೆ ಎಂ.ಐ.ಎ. ಎಂಬ ಗಾಯಕಿಯ ‘ಪೇಪರ್ ಪ್ಲೇನ್ಸ್’ ನಿಂತಿರುವುದು ಅದರ ಮೇಲೆ, ಮತ್ತು ಆ ಹಾಡು ಮುಂಬೈಯ ಕಥೆ ಹೇಳುವ ‘ಸ್ಲಮ್‌ಡಾಗ್ ಮಿಲಿಯನೇರ್’ ಚಿತ್ರದಲ್ಲಿದೆ.

ಈಗ ಕೆಟ್ಟ ಹಾಡಿಗೆ ಬರುತ್ತೇನೆ. 1985ರ ನವೆಂಬರಿನಲ್ಲಿ ‘ಕಟ್ ದ ಕ್ರ್ಯಾಪ್’ ಎಂಬ ಕೊನೆಯ ಆಲ್ಬಮ್ ಬಂದಿತು. ಜೋನ್ಸ್ ಇರಲಿಲ್ಲ, ಹೆಡನ್ ಇರಲಿಲ್ಲ. ಮ್ಯಾನೇಜರ್ ಬರ್ನಿ ರೋಡ್ಸ್ ಬೇರೊಂದು ಹೆಸರಿನಲ್ಲಿ ನಿರ್ಮಾಪಕರಾದರು, ಡ್ರಮ್ಸ್ ವಾದಕರ ಕೆಲಸವನ್ನು ಬಹುಪಾಲು ಯಂತ್ರ ಮಾಡಿತು. 1977ರ ಪಂಕ್‌ಗೆ ಮರಳುತ್ತೇವೆ ಎಂಬುದು ಅದರ ಘೋಷಣೆ. ಅದರಲ್ಲಿ ‘ವಿ ಆರ್ ದ ಕ್ಲ್ಯಾಶ್’ ಎಂಬ ಹಾಡಿದೆ: ಫುಟ್‌ಬಾಲ್ ಮೈದಾನದ ಕೂಗಿನಂಥ ಪಲ್ಲವಿ, ಎಂಟು ವರ್ಷ ಹಿಂದಿನ ಕೋಪದ ವೇಷ. ತಾವು ಯಾರೆಂದು ತಾವೇ ಕೂಗಿ ಹೇಳಬೇಕಾದ ಸ್ಥಿತಿಗೆ ತಂಡವೊಂದು ಬಂದಿತ್ತು. ನನ್ನ ತೀರ್ಪಿನಲ್ಲಿ ಅತ್ಯಂತ ಕೆಟ್ಟ ಹಾಡು ಇದೇ, ಮತ್ತು ಇಲ್ಲಿ ಹೊಸ ಪ್ರಯೋಗದ ಸೋಲು ಎಂಬ ವಿನಾಯಿತಿಗೂ ಜಾಗವಿಲ್ಲ. 1991ರಲ್ಲಿ ತಂಡದ ಹಾಡುಗಳ ದೊಡ್ಡ ಸಂಗ್ರಹ ಬಂದಾಗ ಈ ಆಲ್ಬಮ್ಮಿನ ಒಂದು ಹಾಡನ್ನೂ ಅದಕ್ಕೆ ಸೇರಿಸಲಿಲ್ಲ.

ಅದು ಅತಿಯಾಯಿತು. ಇದೇ ಆಲ್ಬಮ್ಮಿನಲ್ಲಿ ‘ದಿಸ್ ಈಸ್ ಇಂಗ್ಲೆಂಡ್’ ಇದೆ. ನಿರುದ್ಯೋಗದಲ್ಲಿ ಬೇಯುತ್ತಿದ್ದ ಅಂದಿನ ಇಂಗ್ಲೆಂಡನ್ನು ಸ್ಟ್ರಮ್ಮರ್ ಅಬ್ಬರವಿಲ್ಲದ, ದಣಿದ ದನಿಯಲ್ಲಿ ಹಾಡಿದ್ದಾರೆ. ಆ ದನಿ 1977ರ ಯಾವ ಹಾಡಿನಲ್ಲೂ ಇಲ್ಲ. ಮೊದಲು ‘ವಿ ಆರ್ ದ ಕ್ಲ್ಯಾಶ್’ ಕೇಳಿ, ಅದರ ಬೆನ್ನಿಗೇ ಇದನ್ನು ಕೇಳಿ. ಆಮೇಲೆ ನಿಮ್ಮ ಗೆಳೆಯರೊಡನೆ ಬೇಕಾದಷ್ಟು ಜಗಳವಾಡಿ. ನಮಸ್ಕಾರ.