ಸ್ಕೈಲ್ಯಾಬ್ ಬೀಳಿಸಿದ ಸೂರ್ಯ, ಮಳೆ ಕೆಡಿಸಿದನೇ?

ಕೇಳುಗರಿಗೆ ನಮಸ್ಕಾರ.

ಹಾಸನ ಸೀಮೆಯ ಹಿರಿಯರಿಗೆ 1979ರ ಜುಲೈ ನೆನಪಿರಬಹುದು. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬೀಳುತ್ತಂತೆ, ಯಾರ ತಲೆ ಮೇಲೋ ಗೊತ್ತಿಲ್ಲವಂತೆ! ಸಕಲೇಶಪುರದ ಹತ್ತಿರ ನಮ್ಮೂರಲ್ಲಿ ಒಬ್ಬರು, ಹೇಗೂ ಸಾಯೋದು, ಸಾಲ ಯಾಕೆ ತೀರಿಸಲಿ ಅಂತ ಸುಮ್ನೆ ಕೂತಿದ್ದರಂತೆ. ನಮ್ಮಜ್ಜಿ ಹೇಳುತ್ತಿದ್ದ ಕಥೆ ಇದು. ಜುಲೈ 11ರಂದು ಅದು ಚೂರುಚೂರಾಗಿ ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಾಕ್ಕೂ ಬಿತ್ತು. ಸಾಲ ಹಾಗೇ ಉಳಿಯಿತು.

ಲೆಕ್ಕ ಹಾಕಿದ್ದಕ್ಕಿಂತ ಬೇಗ ಅದನ್ನು ಬೀಳಿಸಿದ್ದು ಸೂರ್ಯ. ಸೂರ್ಯನ ಮೈಮೇಲಿನ ಕಪ್ಪು ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತವೆ. ಕಲೆ ಜಾಸ್ತಿ ಇದ್ದಾಗ ತೀಕ್ಷ್ಣವಾದ ಅತಿನೇರಳೆ ಕಿರಣಗಳೂ ಜಾಸ್ತಿ. ಅವು ನೆಲಕ್ಕೆ ಬರುವುದಿಲ್ಲ. ತುಂಬಾ ಮೇಲಿರುವ ತೆಳು ಗಾಳಿಯೇ ಅವನ್ನು ಹೀರಿಕೊಂಡು ಕಾಯುತ್ತದೆ, ಒಲೆ ಮೇಲಿನ ಹಾಲಿನ ಹಾಗೆ ಉಕ್ಕುತ್ತದೆ. 400 ಕಿಲೋಮೀಟರಿಗೂ ಮೇಲೆ ಸುತ್ತುತ್ತಿದ್ದ ಸ್ಕೈಲ್ಯಾಬ್ ಆ ಗಾಳಿಗೆ ಉಜ್ಜಿ ಉಜ್ಜಿ ಕೆಳಗಿಳಿಯಿತು. 2022ರ ಫೆಬ್ರವರಿಯಲ್ಲಿ ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಇಂಟರ್ನೆಟ್ ಉಪಗ್ರಹಗಳಲ್ಲಿ ಹೆಚ್ಚಿನವು ಹೋದದ್ದೂ ಹೀಗೆಯೇ.

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ದೊಡ್ಡ ಆಂಟೆನಾಗಳನ್ನು ನೋಡಿರುತ್ತೀರಿ. ಅಲ್ಲಿಂದ ನೋಡಿಕೊಳ್ಳುವ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದವು. ಅವಕ್ಕೆ ಗಾಳಿಯ ಕಾಟವಿಲ್ಲ. ಸೂರ್ಯನಿಂದ ನುಗ್ಗಿ ಬರುವ ವಿದ್ಯುತ್ ಕಣಗಳದ್ದೇ ಭಯ.

ಇನ್ನು ಮಳೆಯ ವಿಷಯ. ನಮ್ಮ ಚಿಕ್ಕಪ್ಪ ಕಾಫಿ ತೋಟದವರು. ದಿನಾ ಬೆಳಿಗ್ಗೆ ಮಳೆ ಅಳೆದು, ಇಂಚು ಸೆಂಟು (ಸೆಂಟು ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು) ಅಂತ ಪುಸ್ತಕದಲ್ಲಿ ಬರೆಯುತ್ತಾರೆ. "ಹೂ ಮಳೆ ತಪ್ಪಿದ್ದು ಈ ಕಲೆಗಳಿಂದಲೇ ಇರಬೇಕು, ನೋಡು" ಅಂದರು. ಹೂ ಮಳೆ ಅಂದರೆ ಕಾಫಿ ಹೂ ಅರಳಿಸುವ ಮಳೆ. ಅವರ ಪುಸ್ತಕ ಹಿಡಿದು 11 ವರ್ಷದ ಲೆಕ್ಕ ಹುಡುಕಿದೆ. ತಾಳೆಯಾಗಲೇ ಇಲ್ಲ. ಆಶ್ಚರ್ಯವೂ ಇಲ್ಲ. ಭೂಮಿಯ ಹೊರಗೆ ಒಂದು ಚದರ ಮೀಟರಿಗೆ ಸುಮಾರು 1361 ವಾಟ್ ಬಿಸಿಲು ಸಿಗುತ್ತದೆ. ಕಲೆ ಏರಿ ಇಳಿದರೂ ಅದರಲ್ಲಿ ವ್ಯತ್ಯಾಸ ಶೇಕಡಾ 0.1ರಷ್ಟು, ಒಂದು ವಾಟ್ ಲೆಕ್ಕ. 1645ರಿಂದ 1715ರವರೆಗೆ ಕಲೆಗಳೇ ಅಪರೂಪವಾಗಿದ್ದವು, ಯುರೋಪಿನಲ್ಲಿ ಚಳಿಯೂ ಜಾಸ್ತಿ ಇತ್ತು, ನಿಜ. ಆದರೆ ಆ ಚಳಿಯಲ್ಲಿ ಜ್ವಾಲಾಮುಖಿಗಳ ಪಾಲೂ ಇದೆ.

ಹವಾಮಾನ ಬದಲಾಗುತ್ತಿರುವುದು ಸೂರ್ಯನಿಂದಲ್ಲ ಅನ್ನಲು ನನಗೆ ದೊಡ್ಡ ಸಾಕ್ಷಿ ಅನ್ನಿಸುವುದು ಬೇರೆ. ಭೂಮಿ ಬಿಸಿಯಾಗುತ್ತಿರುವುದು ಸೂರ್ಯನಿಂದಲೇ ಆಗಿದ್ದರೆ ಮೇಲಿನ ಗಾಳಿಯೂ ಬಿಸಿಯಾಗಬೇಕಿತ್ತು, ಅಲ್ವಾ? ಆಗುತ್ತಿರುವುದು ಉಲ್ಟಾ. ಕೆಳಗೆ ಬಿಸಿ ಏರುತ್ತಿದೆ, ಮೇಲೆ ತಣ್ಣಗಾಗುತ್ತಿದೆ. ಇದು ಇಂಗಾಲದ ಡೈಆಕ್ಸೈಡಿನ ಗುರುತು. ಕೆಳಗೆ ಅದು ಕಂಬಳಿ ಹೊದಿಸುತ್ತದೆ, ತೆಳು ಗಾಳಿಯಲ್ಲಿ ಮಾತ್ರ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ.

ಎಲ್ಲ ಕೇಳಿ ಚಿಕ್ಕಪ್ಪ, "ಹಾಗಾದರೆ ಸೂರ್ಯನನ್ನು ಯಾವಾಗ ಬೈಯಬಹುದು?" ಅಂದರು. ಹಗಲು ಹೊತ್ತು ನಿಮ್ಮ ಹಳೇ ಶಾರ್ಟ್‌ವೇವ್ ರೇಡಿಯೋ ಇದ್ದಕ್ಕಿದ್ದಂತೆ ಮೂಕವಾದರೆ ಬೈಯಿರಿ, ಅದು ಸೌರಜ್ವಾಲೆಯ, ಅಂದರೆ ಸೂರ್ಯನ ಮೇಲೆ ದಿಢೀರನೆ ಆಗುವ ಸ್ಫೋಟದ, ಕೆಲಸ ಇರಬಹುದು ಅಂದೆ. ಎಫ್‌ಎಂನಲ್ಲಿ ಕೇಳುತ್ತಿರುವವರಿಗೆ ಆ ತೊಂದರೆ ಇಲ್ಲ. ನಮಸ್ಕಾರ.